ಹೆತ್ತವರ ಮೇಲೆ ಅನುಮಾನ ಬಿದ್ದಾಗ



2023ರ ಆಗಸ್ಟ್ ತಿಂಗಳಲ್ಲಿ ನಮ್ಮ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಧಾರವಾಡದ ಹೆಣ್ಣುಮಗಳು, ಗಂಡ ಮಕ್ಕಳೊಂದಿಗೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನೆಲೆಸಿದ್ದವರು, ತವರಿನ ಸೀಮೆಗೆ ಬಂದು ಸವದತ್ತಿ ಹತ್ತಿರ ಮಲಪ್ರಭೆಯ ಹಿನ್ನೀರಿನಲ್ಲಿ ಜೀವ ಕಳೆದುಕೊಂಡರು. ಅವರ ಇಬ್ಬರು ಮಕ್ಕಳನ್ನೂ ಸಿಡ್ನಿಯ ಸರ್ಕಾರಿ ಇಲಾಖೆ ತನ್ನ ಸುಪರ್ದಿಗೆ ತೆಗೆದುಕೊಂಡಿತ್ತು. ಆ ಕೊರಗಿನಲ್ಲೇ ಮಗಳು ಹೋದಳು ಎಂದು ಮನೆಯವರು ಹೇಳಿಕೊಂಡರು. ಮಗನಿಗೆ ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಕಾಯಿಲೆಯಿತ್ತು. ಕೊಡುತ್ತಿರುವ ಚಿಕಿತ್ಸೆ ಸರಿಯಿಲ್ಲವೆಂದು ತಾಯಿ ಆಸ್ಪತ್ರೆಯ ಮೇಲೆ ದೂರಿದ್ದರು. ಮನೆಯವರ ಮಾತಿನ ಪ್ರಕಾರ ತಿಕ್ಕಾಟ ಶುರುವಾದದ್ದೇ ಅಲ್ಲಿಂದ.

ಅವರ ಹೆಸರು ಆಗ ಎಲ್ಲ ಕಡೆ ಅಚ್ಚಾಗಿತ್ತು. ನಾನು ಇಲ್ಲಿ ಹೇಳುವುದಿಲ್ಲ. ಆ ಇಬ್ಬರು ಮಕ್ಕಳಿಗೆ ಇನ್ನೂ ಬಾಳಿ ಬದುಕುವುದಿದೆ. ಇನ್ನೊಂದು ಮಾತು: ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಮಕ್ಕಳ ರಕ್ಷಣೆಗೆಂದು 1998ರ ಕಾಯ್ದೆಯೊಂದಿದೆ. ಮಗುವಿಗೆ ಅಪಾಯವಿದೆ ಎಂಬ ಬಲವಾದ ಅನುಮಾನ ಬಂದರೆ ವೈದ್ಯರು ವರದಿ ಮಾಡಲೇಬೇಕು ಎನ್ನುತ್ತದೆ ಅದು. ಪ್ರಕರಣದಲ್ಲಿರುವ ಮಗುವಿನ ಗುರುತು ಹೊರಬೀಳಬಾರದು ಎಂದೂ ಹೇಳುತ್ತದೆ. ಹಾಗಾಗಿ ಇಂಥ ಪ್ರಕರಣಗಳಲ್ಲಿ ಇಲಾಖೆ ತನ್ನ ಕಾರಣಗಳನ್ನು ಬಿಚ್ಚಿ ಹೇಳುವುದಿಲ್ಲ. ನಮ್ಮ ಕಿವಿಗೆ ಬೀಳುವುದು ಹೆತ್ತವರ ಅಳಲು ಮಾತ್ರ. ಆ ಮನೆಯಲ್ಲಿ ಏನು ನಡೆಯಿತು ಎಂದು ತೀರ್ಪು ಕೊಡಲು ನಾನು ಇಲ್ಲಿ ಕೂತಿಲ್ಲ. ಆಸ್ಪತ್ರೆ ಮತ್ತು ಹೆತ್ತವರು ಒಬ್ಬರನ್ನೊಬ್ಬರು ನಂಬದೆ ಹೋದಾಗ ಮಗುವಿಗೆ ಏನಾಗುತ್ತದೆ ಎಂಬುದು ನನ್ನ ಚಿಂತೆ. ಆ ಚಿಂತೆ ಸಿಡ್ನಿಗೆ ಎಷ್ಟು ಸೇರಿದ್ದೋ ತುಮಕೂರಿಗೂ ಅಷ್ಟೇ ಸೇರಿದ್ದು.

ನಾನು ಮಕ್ಕಳ ವೈದ್ಯೆ. ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ಕೋರ ನನ್ನೂರು. ಹೋಬಳಿಯ ಹಳ್ಳಿಗಳಿಂದ ಬರುವ ಮಕ್ಕಳನ್ನು ನೋಡುವುದು ನನ್ನ ಕೆಲಸ. ಅಲ್ಲಿ ನಡೆದದ್ದೊಂದನ್ನು ಹೇಳುತ್ತೇನೆ.

ಒಂದು ಮಧ್ಯಾಹ್ನ ಐದು ತಿಂಗಳ ಕೂಸನ್ನು ಎತ್ತಿಕೊಂಡು ತಾಯಿ ಬಂದಳು. ಹಿಂದೆ ಅತ್ತೆ, ಅವರ ಹಿಂದೆ ಬಾಯಿಗೆ ಟವೆಲ್ ಒತ್ತಿಕೊಂಡ ಗಂಡ. ಕೂಸಿಗೆ ಇದ್ದದ್ದು ನೆಗಡಿ, ಕೆಮ್ಮು. ಆದರೆ ಹಿಂದಿನ ದಿನ ಪೇಟೆಯ ಒಂದು ಆಸ್ಪತ್ರೆಯಲ್ಲಿ ಬಟ್ಟೆ ಬಿಚ್ಚಿ ನೋಡಿದ ಎಳೆಯ ವೈದ್ಯರು ಬೆನ್ನ ಕೆಳಗಿನ ನೀಲಿ ಮಚ್ಚೆಗಳನ್ನು ಕಂಡು ಗಾಬರಿಯಾಗಿದ್ದರು. ಮೂರು ನಾಲ್ಕು ಮಚ್ಚೆ, ಒಂದಂತೂ ಅಂಗೈಯಷ್ಟಗಲ. ಯಾರು ಹೊಡೆದದ್ದು ಎಂದು ಎಲ್ಲರ ಎದುರು ಕೇಳಿದ್ದರು. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ವೈದ್ಯಕೀಯ ದಾಖಲೆ, ಮಾಡಿಸಬೇಕಾಗುತ್ತೆ, ಪೊಲೀಸರು ಬರ್ತಾರೆ ಎಂದಿದ್ದರು. ಅಷ್ಟು ಕೇಳಿದ್ದೇ ಈ ಮೂವರೂ ಕೂಸನ್ನು ಎತ್ತಿಕೊಂಡು ಎದ್ದು ಬಂದಿದ್ದರು.

"ಡಾಕ್ಟ್ರಮ್ಮ, ಇವ್ಳ ಮೇಲಾಣೆ, ನಾನು ಕೈ ಎತ್ತಿಲ್ಲ" ಎಂದ ಗಂಡ. ಅತ್ತೆ ಸೊಸೆಯ ಮುಖ ನೋಡಲಿಲ್ಲ. ಸೊಸೆ ಯಾರ ಮುಖವನ್ನೂ ನೋಡಲಿಲ್ಲ.

ಆ ನೀಲಿಗೆ ಮಂಗೋಲಿಯನ್ ಮಚ್ಚೆ ಎಂದು ವೈದ್ಯಶಾಸ್ತ್ರದಲ್ಲಿ ಹೆಸರು. ನಮ್ಮ ಸೀಮೆಯ ಬಹಳಷ್ಟು ಎಳೆಗೂಸುಗಳ ಬೆನ್ನ ಕೆಳಗೆ, ಕುಂಡಿಯ ಮೇಲೆ ಹುಟ್ಟುವಾಗಲೇ ಅದು ಇರುತ್ತದೆ. ಒತ್ತಿದರೆ ನೋವಿಲ್ಲ. ಪೆಟ್ಟಿನ ನೀಲಿಯಾದರೆ ಕೆಲವೇ ದಿನಗಳಲ್ಲಿ ಹಸಿರಾಗಿ, ಹಳದಿಯಾಗಿ ಮಾಯವಾಗುತ್ತದೆ. ಈ ಮಚ್ಚೆ ವಾರ ಬಿಟ್ಟು ನೋಡಿದರೂ ಹಾಗೇ ಇರುತ್ತದೆ, ಅಳಿಯುವುದಕ್ಕೆ ವರ್ಷಗಳು ಬೇಕು. ನಾನು ಟೇಪು ಹಿಡಿದು ಅಳತೆ ಬರೆದುಕೊಂಡೆ. ಅಪ್ಪನ ಫೋನಿನಲ್ಲೇ ಫೋಟೋ ತೆಗೆಸಿ, ಮುಂದಿನ ವಾರ ಬನ್ನಿ ಎಂದೆ. ಬಂದರು. ಬಣ್ಣ ಬದಲಾಗಿರಲಿಲ್ಲ, ಅಳತೆಯೂ ಅಷ್ಟೇ ಇತ್ತು. ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟೆ: ಇದು ಹುಟ್ಟು ಮಚ್ಚೆ, ಪೆಟ್ಟಲ್ಲ.

ಆ ಎಳೆಯ ವೈದ್ಯರನ್ನು ನಾನು ಹಳಿಯುವುದಿಲ್ಲ. ಅನುಮಾನ ಬಂದದ್ದು ಸರಿ. ಅದನ್ನು ಒಂದು ವಾರ ತಡೆದು ಒರೆಗೆ ಹಚ್ಚುವ ವ್ಯವಸ್ಥೆ ಅವರ ಕೈಗೆ ಯಾರೂ ಕೊಟ್ಟಿರಲಿಲ್ಲ.

ಅನುಮಾನವೇ ಬೇಡ ಎನ್ನುವವಳಲ್ಲ ನಾನು. ಹೆತ್ತ ತಾಯಿಯೇ ಮಗುವಿಗೆ ಕಾಯಿಲೆ ಹುಟ್ಟಿಸಬಹುದು ಎಂದು 1977ರಲ್ಲಿ ಇಂಗ್ಲೆಂಡಿನ ಮಕ್ಕಳ ವೈದ್ಯ ರಾಯ್ ಮೆಡೋ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಾಗ ನಂಬಿದವರು ಕಡಿಮೆ. ಆಮೇಲೆ ಅಲ್ಲಿಯ ಇನ್ನೊಬ್ಬ ವೈದ್ಯ ಡೇವಿಡ್ ಸೌತಾಲ್, ಮತ್ತೆ ಮತ್ತೆ ಉಸಿರು ನಿಲ್ಲುತ್ತದೆಂದು ಆಸ್ಪತ್ರೆಗೆ ಬರುತ್ತಿದ್ದ ಮಕ್ಕಳ ಪೈಕಿ ಅನುಮಾನವಿದ್ದ 39 ಮಕ್ಕಳ ಕೋಣೆಯಲ್ಲಿ ಗುಟ್ಟಾಗಿ ಕ್ಯಾಮೆರಾ ಇಡಿಸಿದರು. 1997ರಲ್ಲಿ ಅದರ ವರದಿ ಪ್ರಕಟವಾಯಿತು. 33 ಮಕ್ಕಳಿಗೆ ಹಿಂಸೆಯಾಗುತ್ತಿದ್ದದ್ದು ಚಿತ್ರದಲ್ಲಿ ಕಂಡಿತ್ತು. ಅದರಲ್ಲಿ 30 ಮಕ್ಕಳ ಉಸಿರುಗಟ್ಟಿಸಿದ್ದು ಅವರ ಮಗ್ಗುಲಲ್ಲಿದ್ದ ಹೆತ್ತವರು ಅಥವಾ ಸಾಕಿದವರು. ಓದಿದರೆ ಮೈ ನಡುಗುತ್ತದೆ. ಮಗುವಿಗೆ ಬಾಯಿಲ್ಲ, ಅದರ ಪರವಾಗಿ ವೈದ್ಯರು ಅನುಮಾನಿಸದೆ ಹೋದರೆ ಇನ್ನು ಯಾರು?

ಆದರೆ ಅನುಮಾನ ಯಾವಾಗ ನಂಬಿಕೆಯಾಗಿ ಗಟ್ಟಿಯಾಯಿತೋ ಆಗ ಏನಾಗುತ್ತದೆ ಎಂಬುದಕ್ಕೂ ಇಂಗ್ಲೆಂಡೇ ಸಾಕ್ಷಿ. ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ಎರಡು ಕೂಸುಗಳು 1996ರಲ್ಲಿ ಒಂದು, 1998ರಲ್ಲಿ ಒಂದು, ತೊಟ್ಟಿಲ ವಯಸ್ಸಿನಲ್ಲೇ ತೀರಿಕೊಂಡವು. ಕೊಲೆ ಆಪಾದನೆ ಬಂತು. ಅದೇ ಮೆಡೋ ಅವರು ಸಾಕ್ಷಿ ನುಡಿದರು: ಇಂಥ ಮನೆಯಲ್ಲಿ ಕಾರಣವಿಲ್ಲದೆ ಒಂದು ಕೂಸು ಸಾಯುವುದು 8,543ರಲ್ಲಿ ಒಂದು, ಎರಡು ಸಾಯುವುದು 7 ಕೋಟಿ 30 ಲಕ್ಷದಲ್ಲಿ ಒಂದು. ಮೊದಲ ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದು, ಅಷ್ಟೇ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೆ ಒಂದೇ ದೋಷ ಹರಿದುಬರಬಹುದು ಎಂಬ ಮಾತೇ ಆ ಲೆಕ್ಕದಲ್ಲಿ ಇರಲಿಲ್ಲ. ಆ ಲೆಕ್ಕಕ್ಕೆ ಆಧಾರವಿಲ್ಲ ಎಂದು ಅಲ್ಲಿನ ರಾಯಲ್ ಸಂಖ್ಯಾಶಾಸ್ತ್ರ ಸಂಘ 2001ರಲ್ಲಿ ಬಹಿರಂಗವಾಗಿ ಹೇಳಿತು. ಎರಡನೆಯ ಕೂಸಿಗೆ ಸೋಂಕಿತ್ತು ಎನ್ನುವ ಪರೀಕ್ಷೆಯ ಫಲಿತಾಂಶವೂ ಮೊದಲ ವಿಚಾರಣೆಯಲ್ಲಿ ಹೊರಗೆ ಬಂದಿರಲಿಲ್ಲ. 1999ರಲ್ಲಿ ಜೈಲಿಗೆ ಹೋದ ತಾಯಿ 2003ರ ಜನವರಿಯಲ್ಲಿ ಬಿಡುಗಡೆಯಾದರು. ಆದರೆ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ, 2007ರಲ್ಲಿ ತೀರಿಕೊಂಡರು.

ಅದೇ 2003ರಲ್ಲಿ ಗುಜರಾತಿ ಮೂಲದ ತಾಯಿಯೊಬ್ಬರ ಮೇಲೂ ಅಲ್ಲಿ ಇಂಥದ್ದೇ ಮೊಕದ್ದಮೆ ನಡೆಯಿತು. ಮೂರು ಕೂಸುಗಳನ್ನು ಕಳೆದುಕೊಂಡವರು ಅವರು. ಅವರ ಪರವಾಗಿ ಸಾಕ್ಷಿ ಹೇಳಲು ಇಂಡಿಯಾದಿಂದ ಅಜ್ಜಿ ಹೋದರು, ಎಂಬತ್ತರ ಮುದುಕಿ. ದುಭಾಷಿಯ ಮೂಲಕ ಆ ಅಜ್ಜಿ ಹೇಳಿದರು: ನಾನು ಹೆತ್ತ ಹನ್ನೆರಡರಲ್ಲಿ ಐದು ಹಸುಗೂಸಾಗಿರುವಾಗಲೇ ಹೋದವು. ತಾಯಿ ನಿರ್ದೋಷಿ ಎಂದು ತೀರ್ಪಾಯಿತು. ಆ ಅಜ್ಜಿಯ ಮಾತು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಮೊದಲ ಮಕ್ಕಳು ಕೈಗೆ ಹತ್ತಲಿಲ್ಲ ಎಂದು ಹೇಳುವ ಅಜ್ಜಿಯರು ಗುಬ್ಬಿ, ಕುಣಿಗಲ್ ಕಡೆಯ ಯಾವ ಹಳ್ಳಿಗೆ ಹೋದರೂ ಸಿಗುತ್ತಾರೆ. ನಾವು ವೈದ್ಯರು ಅವರನ್ನು ಕೂರಿಸಿಕೊಂಡು ಕೇಳುವುದಿಲ್ಲ, ತಾಯಿಯನ್ನಷ್ಟೇ ಕೇಳುತ್ತೇವೆ.

ಕೇಳಲೇಬೇಕಾದ ಕಾರಣವಿದೆ. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಇನ್ನೂ ನಡೆದೇ ಇದೆ. ರಕ್ತಸಂಬಂಧದ ಮದುವೆಯಲ್ಲಿ ಅಪರೂಪದ ಕಾಯಿಲೆಗಳು ಹೆಚ್ಚು ಕಾಣಿಸಿಕೊಳ್ಳುತ್ತವೆ. ಗ್ಲುಟಾರಿಕ್ ಅಸಿಡೂರಿಯಾ ಎಂಬ ಹುಟ್ಟು ದೋಷವಿದ್ದರೆ ಸಣ್ಣ ಪೆಟ್ಟಿಗೂ ಮಿದುಳಿನ ಪೊರೆಯಡಿ ರಕ್ತ ಒಸರಬಹುದು. ಸ್ಕ್ಯಾನ್ ನೋಡಿದವರಿಗೆ ಯಾರೋ ಮಗುವನ್ನು ಹಿಡಿದು ಜೋರಾಗಿ ಕುಲುಕಿದ್ದಾರೆ ಎನಿಸುತ್ತದೆ. ಮೂಳೆ ಗಾಜಿನಂತೆ ಮುರಿಯುವ ಕಾಯಿಲೆಯಿದೆ. ಅದರಲ್ಲಿ ಎಷ್ಟೋ ಸಲ ಕಣ್ಣಿನ ಬಿಳಿ ಗುಡ್ಡೆ ನೀಲಿ ತಿರುಗಿರುತ್ತದೆ, ನೋಡುವ ಕಣ್ಣಿದ್ದರೆ ಸುಳಿವು ಅಲ್ಲೇ ಸಿಗುತ್ತದೆ. ಇನ್ನು ಕೆ ವಿಟಮಿನ್. ಹುಟ್ಟಿದ ಕೂಡಲೇ ಕೂಸಿನ ತೊಡೆಗೆ ಕೊಡುವ ಚಿಕ್ಕ ಇಂಜೆಕ್ಷನ್ನು, 1 ಮಿಲಿಗ್ರಾಮ್. ಮನೆಯಲ್ಲೇ ಹೆರಿಗೆಯಾಗಿ ಅದು ತಪ್ಪಿಹೋದರೆ, ಎದೆಹಾಲಷ್ಟೇ ಕುಡಿಯುವ ದುಂಡನೆಯ ಕೂಸಿಗೆ ಎರಡನೆಯ ತಿಂಗಳಲ್ಲಿ ಇದ್ದಕ್ಕಿದ್ದಂತೆ ತಲೆಯೊಳಗೆ ರಕ್ತಸ್ರಾವವಾಗಬಹುದು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಸಾಧಾರಣ ಪರೀಕ್ಷೆಯೊಂದು ಸಾಕು, ಕಾರಣ ತಿಳಿಯುತ್ತದೆ. ಆದರೆ ಆ ಪರೀಕ್ಷೆಯನ್ನು ಯಾರ ತಪ್ಪು ಎಂದು ಕೇಳುವುದಕ್ಕೆ ಮುಂಚೆ ಮಾಡಬೇಕು. ತಲೆಯೊಳಗೆ ರಕ್ತ, ಮೂಳೆಮುರಿತ ಕಂಡ ಎಲ್ಲ ಮಕ್ಕಳಿಗೂ ಕಾಯಿಲೆಯೇ ಕಾರಣ ಎಂದು ಯಾರೂ ತಿಳಿಯಬಾರದು. ಹೊಡೆತದಿಂದ ಬಂದ ಮಕ್ಕಳನ್ನೂ ನಾನು ನೋಡಿದ್ದೇನೆ. ಬಾಲಗ್ರಹ, ಕಾಮಾಲೆ ಎಂದು ಹೊಟ್ಟೆಯ ಮೇಲೆ ಬರೆ ಹಾಕಿಸಿಕೊಂಡು ಬಂದ ಕೂಸುಗಳನ್ನಂತೂ ಬೇಕಾದಷ್ಟು. ಮಗು ಬದುಕಲಿ ಎಂದೇ ಹಾಕಿಸಿರುತ್ತಾರೆ. ಆದರೂ ಅದು ಸುಟ್ಟ ಗಾಯ, ಅದನ್ನು ದಾಖಲು ಮಾಡಲೇಬೇಕು. ಮಾಡುತ್ತೇನೆ.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಮಗುವಿನ ಕಾಯಿಲೆಯನ್ನು ತಾಯಿಯೇ ಹುಟ್ಟುಹಾಕುತ್ತಿದ್ದಾಳೆ ಎಂದು ಶಂಕಿಸಲು ಪಾಶ್ಚಾತ್ಯ ದೇಶಗಳಲ್ಲಿ ಕೆಲವು ಲಕ್ಷಣಗಳನ್ನು ಪಟ್ಟಿ ಮಾಡಿಟ್ಟುಕೊಂಡಿದ್ದಾರೆ. ಒಬ್ಬ ವೈದ್ಯರಿಂದ ಇನ್ನೊಬ್ಬರಿಗೆ ಅಲೆಯುವುದು, ಪರೀಕ್ಷೆ ಸರಿಯಾಗಿದೆ ಎಂದರೂ ಸಮಾಧಾನವಾಗದಿರುವುದು, ಕಾಯಿಲೆಯ ಬಗ್ಗೆ ತುಂಬ ತಿಳಿದುಕೊಂಡಿರುವುದು, ಚಿಕಿತ್ಸೆಯ ಬಗ್ಗೆ ದೂರುವುದು. ಇದನ್ನು ನಮ್ಮ ಜಿಲ್ಲೆಯ ತಾಯಂದಿರಿಗೆ ಹಚ್ಚಿ ನೋಡಿ. ಮೂರು ವರ್ಷವಾದರೂ ನಡೆಯದ ಮಗುವಿನ ತಾಯಿ ಮೊದಲು ಊರಿನ ಆರೋಗ್ಯ ಕೇಂದ್ರಕ್ಕೆ ಹೋಗುತ್ತಾಳೆ. ಆಮೇಲೆ ತುಮಕೂರಿನ ಜಿಲ್ಲಾ ಆಸ್ಪತ್ರೆ, ಆಮೇಲೆ ಮೆಡಿಕಲ್ ಕಾಲೇಜು. ಬಸ್ಸು ಹತ್ತಿ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ, ಅಲ್ಲಿಂದ ನಿಮ್ಹಾನ್ಸ್. ನಡುವೆ ಎಡೆಯೂರು ಸಿದ್ಧಲಿಂಗೇಶ್ವರನಿಗೆ ಹರಕೆ, ಯಾರೋ ಹೇಳಿದರೆಂದು ಅಂತ್ರ, ಇನ್ಯಾರೋ ಹೇಳಿದರೆಂದು ನಾಟಿ ಔಷಧಿ. ಎಲ್ಲ ಚೀಟಿಗಳೂ ಬಟ್ಟೆ ಅಂಗಡಿಯ ಒಂದು ಕವರಿನಲ್ಲಿ ಇರುತ್ತವೆ: ತಾಯಿ ಕಾರ್ಡು, ಅಂಚು ಹರಿದ ಸ್ಕ್ಯಾನಿನ ಫಿಲ್ಮು, ಅಕ್ಷರ ಮಾಸಿದ ರಕ್ತಪರೀಕ್ಷೆಯ ವರದಿ. ಆ ಕವರು ಬಿಚ್ಚಿ ಮೇಜಿನ ಮೇಲೆ ಹರಡಿದಾಗ ಕಾಯಿಲೆಯ ಹೆಸರು ಅವಳ ಬಾಯಲ್ಲಿ ಸಲೀಸಾಗಿ ಬರುತ್ತದೆ. ಓದದಿದ್ದರೂ ಬರುತ್ತದೆ, ಅಷ್ಟು ಸಲ ಕೇಳಿದ್ದಾಳೆ. ಪಟ್ಟಿಯ ಲೆಕ್ಕದಲ್ಲಿ ಇವಳ ಮೇಲೆ ಅನುಮಾನ ಪಡಬೇಕು. ನಾನು ಇವಳಷ್ಟು ಶ್ರದ್ಧೆಯ ದಾದಿಯನ್ನು ಕಂಡಿಲ್ಲ.

ಅದಕ್ಕೇ ಹೇಳುತ್ತೇನೆ, ತಾಯಿ ಚಿಕಿತ್ಸೆಯ ಬಗ್ಗೆ ದೂರು ಕೊಟ್ಟಳು ಎಂಬುದು ಅವಳ ವಿರುದ್ಧದ ಸಾಕ್ಷ್ಯ ಆಗಕೂಡದು. ಯಾವ ದೇಶದಲ್ಲೂ, ಯಾವ ಕಾರಣಕ್ಕೂ. ದೂರು ದೂರಾಗಿಯೇ ವಿಚಾರಣೆಯಾಗಬೇಕು, ಅನುಮಾನ ಅನುಮಾನವಾಗಿಯೇ ಬೇರೆ ಕಡೆ ವಿಚಾರಣೆಯಾಗಬೇಕು. ಎರಡನ್ನೂ ಒಂದೇ ಕಡತದಲ್ಲಿ ಹೊಲಿದರೆ ದೂರಿಗೆ ಗುರಿಯಾದವರೇ ತೀರ್ಪುಗಾರರಾಗಿಬಿಡುತ್ತಾರೆ. ಅಮೆರಿಕದ ಬಾಸ್ಟನ್‌ನಲ್ಲಿ 2013ರಲ್ಲಿ ಹೀಗೇ ಆಯಿತು. ಒಂದು ಆಸ್ಪತ್ರೆಯ ವೈದ್ಯರು ಹುಡುಗಿಯೊಬ್ಬಳಿಗೆ ಜೀವಕೋಶದ ಶಕ್ತಿ ಕುಂದುವ ಕಾಯಿಲೆಯಿದೆ ಎಂದು ಚಿಕಿತ್ಸೆ ಕೊಡುತ್ತಿದ್ದರು. ಅದೇ ನಗರದ ಇನ್ನೊಂದು ಆಸ್ಪತ್ರೆ, ಇದು ಮನಸ್ಸಿಗೆ ಸಂಬಂಧಿಸಿದ್ದು ಎಂದಿತು. ಹೆತ್ತವರು ಒಪ್ಪಲಿಲ್ಲ. ಹುಡುಗಿಯನ್ನು ಹೆತ್ತವರಿಂದ ಬಿಡಿಸಿದರು, ಅವಳು ಸುಮಾರು 16 ತಿಂಗಳು ಮನೆಯಿಂದ ದೂರವಿದ್ದಳು. ಆಮೇಲೆ ಹೆತ್ತವರು ಹೂಡಿದ ದಾವೆಯಲ್ಲಿ 2020ರಲ್ಲಿ ಆಸ್ಪತ್ರೆಯೇ ಗೆದ್ದಿತು. ಯಾರು ಗೆದ್ದರೂ ಆ 16 ತಿಂಗಳು ಆ ಹುಡುಗಿಗೆ ವಾಪಸ್ಸು ಬರಲಿಲ್ಲ.

ನಮ್ಮಲ್ಲಿ ಆಸ್ಪತ್ರೆಯವರು ಮಗುವನ್ನು ಕಿತ್ತುಕೊಳ್ಳುವುದು ಬಹಳ ಅಪರೂಪ. ಇಲ್ಲಿಯ ಅಪನಂಬಿಕೆಗೆ ಬೇರೆ ಮುಖವಿದೆ. 2022ರ ನವೆಂಬರ್ ಮೊದಲ ವಾರದಲ್ಲಿ ತುಮಕೂರಿನ ಭಾರತಿನಗರದಲ್ಲಿದ್ದ ತುಂಬು ಬಸುರಿಯೊಬ್ಬಳು ನೋವು ಬಂದು ಜಿಲ್ಲಾ ಆಸ್ಪತ್ರೆಗೆ ಹೋದಳು. ತಾಯಿ ಕಾರ್ಡಿಲ್ಲ, ಆಧಾರ್ ಇಲ್ಲ ಎಂದು ವಾಪಸ್ಸು ಕಳಿಸಿದರು. ಮನೆಯಲ್ಲೇ ಅವಳಿ ಮಕ್ಕಳನ್ನು ಹೆತ್ತಳು, ಮೂವರೂ ತೀರಿಕೊಂಡರು. ಸಿಬ್ಬಂದಿ ಅಮಾನತಾದರು, ಸಚಿವರು ಬಂದು ಹೋದರು. ಆ ಸುದ್ದಿ ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ. ಸಿಡ್ನಿಯಲ್ಲಿ ಕಾಗದ ಹೆಚ್ಚಾಗಿ ತಾಯಿಯ ಮಾತು ಹಿಂದೆ ಬಿತ್ತು ಎಂದು ಮನೆಯವರು ಕೊರಗುತ್ತಾರೆ. ಇಲ್ಲಿ ಕಾಗದವಿಲ್ಲ ಎಂದು ತಾಯಿಯ ಮಾತು ಕೇಳಲೇ ಇಲ್ಲ. ಎರಡು ಕಡೆಯೂ ಎದುರಿಗೆ ನಿಂತ ಹೆಂಗಸನ್ನು ಕಣ್ಣೆತ್ತಿ ನೋಡಿ ಮಾತಾಡಿಸುವ ಕೆಲಸ ಬಾಕಿ ಉಳಿಯಿತು.

ಜನ ಸಿಟ್ಟಿಗೇಳುವುದೂ ಆಗಲೇ. ವಾರ್ಡಿನ ಗಾಜು ಒಡೆಯುತ್ತಾರೆ, ಡ್ಯೂಟಿ ಡಾಕ್ಟರ ಕೊರಳಪಟ್ಟಿ ಹಿಡಿಯುತ್ತಾರೆ. ಅದಕ್ಕೆಂದೇ ಕರ್ನಾಟಕದಲ್ಲಿ 2009ರಿಂದ ಕಾಯ್ದೆಯಿದೆ. ಆದರೆ ಹೊಡೆತಕ್ಕೆ ಹೆದರಿದ ವೈದ್ಯರು ಮುಂದಿನ ಮಗುವನ್ನು ಮುಟ್ಟುವುದಿಲ್ಲ, ಬೆಂಗಳೂರಿಗೆ ಬರೆದುಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಎಪ್ಪತ್ತು ಕಿಲೋಮೀಟರ್ ದೂರ ಆಂಬುಲೆನ್ಸಿನಲ್ಲಿ ಏದುಸಿರು ಬಿಡುವುದು ಮಗು.

ಅನುಮಾನ ಬಿದ್ದ ಮನೆಯವರು ಏನು ಮಾಡಬೇಕು? ಓಡಿಹೋಗಬೇಡಿ. ಆಸ್ಪತ್ರೆಯಿಂದ ಓಡಿದರೆ ಇಲ್ಲದ ತಪ್ಪೂ ತಲೆಗೆ ಸುತ್ತಿಕೊಳ್ಳುತ್ತದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಇಂಥ ವಿಷಯ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತದೆ. ಅಧ್ಯಕ್ಷರು, ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ರಕ್ಷಣೆ ಬೇಕಾದ ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು ಎಂದಿದೆ. ಅಲ್ಲಿ ನಿಮ್ಮ ಮಾತು ಹೇಳಿಕೊಳ್ಳಬಹುದು. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ದಾಖಲೆಗಳ ಪ್ರತಿ ಬರೆದು ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯರ ನಡತೆ ನಿಯಮಗಳಲ್ಲಿದೆ. ಕೊಡದಿದ್ದರೆ ಅದೇ ಒಂದು ದೂರು. ಖಾಸಗಿ ಆಸ್ಪತ್ರೆಯ ಮೇಲಿನ ದೂರನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ಕೊಡಬಹುದು. ಯಾವುದೇ ಮಗು ಕಷ್ಟದಲ್ಲಿದೆ ಎನಿಸಿದರೆ 1098ಕ್ಕೆ ಫೋನ್ ಮಾಡಿ. ಇಂಥ ಜಂಜಾಟದಲ್ಲಿ ಬದುಕೇ ಸಾಕು ಎನಿಸಿದ ತಾಯಿ ತಂದೆಯರು ಯಾರಾದರೂ ಕೇಳುತ್ತಿದ್ದರೆ ದಯಮಾಡಿ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಕಾಸು ಕೊಡಬೇಕಾಗಿಲ್ಲ.

ಇನ್ನು ನನ್ನ ವೃತ್ತಿಯವರಿಗೆ ಒಂದು ಮಾತು. ಬ್ರಿಟನ್ನಿನ ಮಕ್ಕಳ ವೈದ್ಯರ ರಾಯಲ್ ಕಾಲೇಜು 2021ರಲ್ಲಿ ಹೊಸ ಮಾರ್ಗಸೂಚಿ ತಂದಿತು. ಮಗುವಿನ ಲಕ್ಷಣಕ್ಕೂ ಪರೀಕ್ಷೆಗೂ ತಾಳೆಯಾಗದಿದ್ದಾಗ, ತಕ್ಷಣದ ಅಪಾಯವೇನೂ ಇಲ್ಲದಿದ್ದರೆ, ಅದನ್ನು ಮೊದಲು ಬಗೆಹರಿಯದ ಪ್ರಕರಣ ಎಂದಷ್ಟೇ ಕರೆಯಬೇಕು. ಹೆತ್ತವರ ಎದುರೇ ಕೂತು, ಮುಚ್ಚುಮರೆಯಿಲ್ಲದೆ, ಮಗು ಮತ್ತೆ ಶಾಲೆಗೆ ಹೋಗಿ ಆಡಿಕೊಂಡಿರುವಂತೆ ಮಾಡಲು ಒಂದು ಯೋಜನೆ ಹಾಕಬೇಕು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಪೆಟ್ಟು ತಿಂದು ಕಲಿತ ಪಾಠ ಅದು. ನಾವು ಆ ಪೆಟ್ಟು ತಿನ್ನದೆಯೇ ಕಲಿಯಬಹುದು.

ಜಿಲ್ಲಾ ಆಸ್ಪತ್ರೆಯಲ್ಲಿ ಮೂವರ ಒಂದು ತಂಡ ಇರಲಿ. ಮಗುವಿಗೆ ಚಿಕಿತ್ಸೆ ಕೊಡದ ಒಬ್ಬ ಮಕ್ಕಳ ವೈದ್ಯರು, ಒಬ್ಬ ಸಮಾಜ ಕಾರ್ಯಕರ್ತೆ, ಮನೆಯವರ ಭಾಷೆಯಲ್ಲಿ ಮಾತಾಡಬಲ್ಲ ಒಬ್ಬ ಹಿರಿಯ ಶುಶ್ರೂಷಕಿ. ಕೋರದಿಂದಾಗಲಿ, ಗುಬ್ಬಿಯಿಂದಾಗಲಿ, ಕುಣಿಗಲ್ಲಿನಿಂದಾಗಲಿ ಅನುಮಾನದ ಪ್ರಕರಣ ಬಂದರೆ ಅವರು ನೋಡಲಿ. ಪೊಲೀಸರಿಗೆ ತಿಳಿಸಬೇಕಾದದ್ದನ್ನು ತಡಮಾಡದೆ ತಿಳಿಸಲಿ, ರಕ್ತಪರೀಕ್ಷೆ ಮೂಳೆಯ ಎಕ್ಸ್‌ರೇ ಮಾಡಿಸಲಿ, ಮನೆಯ ಅಜ್ಜಿಯನ್ನು ಕರೆಸಿ ಕೇಳಲಿ, ಬರೆದದ್ದನ್ನು ಹೆತ್ತವರಿಗೆ ಕನ್ನಡದಲ್ಲಿ ಓದಿ ಹೇಳಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಕಟ್ಟಡ ಬೇಡ. ಜಿಲ್ಲಾ ಶಸ್ತ್ರಚಿಕಿತ್ಸಕರು ಮನಸ್ಸು ಮಾಡಿದರೆ ಒಂದು ಸುತ್ತೋಲೆಯಲ್ಲಿ ಆಗುತ್ತದೆ. ವಾರಕ್ಕೊಂದು ಮಧ್ಯಾಹ್ನ ಕೋರದಿಂದ ನಾನೂ ಬಂದು ಕೂರುತ್ತೇನೆ.